ತಾರಾ ಮೆಟ್ಟಿಲಿಳಿಯದ ದಿನಗಳು

ಮೊನ್ನೆ ಕೆ.ಆರ್. ನಗರದ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದೆ. ಕನ್ನಡಿಯ ಮೇಲೆ ಮೂಲೆಯಲ್ಲಿದ್ದ ಟಿ.ವಿ. ತನ್ನ ಪಾಡಿಗೆ ತಾನು ಏನೋ ಒದರುತ್ತಿತ್ತು. ಕತ್ತಿ ಕೆನ್ನೆಯಿಂದ ಗಂಟಲ ಕಡೆಗೆ ಇಳಿಯುವ ಹೊತ್ತಿಗೆ ಅದರಿಂದ ಒಂದು ಸಂಗೀತ ಬಂತು. ಮೊದಲು ತಂತಿ ಮೀಟಿದ ಹಾಗೆ ಸಣ್ಣದೊಂದು ದನಿ, ಅದರ ಬೆನ್ನಿಗೇ ಕಾರುಗಳ ಬಾಗಿಲು ಒಂದರ ಮೇಲೊಂದು ದಬ್ ದಬ್ ಎಂದು ಮುಚ್ಚಿಕೊಳ್ಳುವ ಸದ್ದು. ಕೂತಲ್ಲೇ ಬೆಚ್ಚಿಬಿದ್ದೆ.

"ಅಲ್ಲಾಡ್ಬ್ಯಾಡಿ ಯಜಮಾನ್ರೇ, ಕುಯ್ಕಂಬುಡ್ತದೆ" ಎಂದ ಅಂಗಡಿಯವನು. ಅಷ್ಟರಲ್ಲಿ ಕುಯ್ದಾಗಿತ್ತು. ಪಟಿಕದ ಕಲ್ಲು ಒತ್ತುತ್ತಾ, "ಹಳೇ ಸೀರಿಯಲ್ಲು. ಈಗ ಮತ್ತೆ ಹಾಕ್ತಾವ್ರೆ. ನಿಮಗೆ ಇಷ್ಟವಾ?" ಎಂದು ಕೇಳಿದ.

ಇಷ್ಟವೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಚಾರವಲ್ಲ ಅದು. ಎಚ್.ಡಿ. ಕೋಟೆ ಕಡೆಗೆ ಸೌದೆ ತರಲು ಹೋದಾಗ ರಸ್ತೆಗೆ ಅಡ್ಡ ನಿಂತ ಸಲಗದ ಮುಂದೆ ಟ್ರಾಕ್ಟರ್ ಆಫ್ ಮಾಡಿಕೊಂಡು ಬೀಡಿ ಸೇದುತ್ತಾ ಕೂತವನು ನಾನು. ಆಗಲೂ ಹೆದರಲಿಲ್ಲ. ಅಂಥವನು ಹೆದರಿದ್ದು ಈ ಧಾರಾವಾಹಿಗೆ. ದೊಡ್ಡ ಊರಿನ ಶ್ರೀಮಂತರ ಮನೆಯ ಹದಿನಾರು ಹದಿನೇಳರ ಮಕ್ಕಳು, ಅವರ ಇಸ್ಕೂಲು, ಅವರ ಜಗಳ, ಅವರ ಬೂಟು. ಅಷ್ಟೇ ಅದರ ಕತೆ. ಹೊಲದ ಕೆಲಸ ಮಾಡುವ ನನಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ವರ್ಷ ನನ್ನ ಮಗಳು ಕೈತಪ್ಪಿ ಹೋಗುತ್ತಾಳೆ ಎಂಬ ಭಯ ನನಗೆ ಹತ್ತಿದ್ದು ಅದನ್ನು ನೋಡುತ್ತಲೇ.

ನಮ್ಮೂರು ಮಿರ್ಲೆಯಿಂದ ಮೇಲಕ್ಕೆ, ನಾಲೆಯ ನೀರು ಹತ್ತದ ದಿಣ್ಣೆಯ ಮೇಲಿದೆ. ಕೆಳಗಿನವರು ಭತ್ತ, ಕಬ್ಬು ಅಂತ ತಂಪಾಗಿರುತ್ತಾರೆ, ನಮಗೆ ಹೊಗೆಸೊಪ್ಪು. ನಾನು ಏಳನೇ ಕ್ಲಾಸಿಗೇ ಇಸ್ಕೂಲು ಬಿಟ್ಟೆ. ನಮ್ಮಪ್ಪನ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಆ ಎತ್ತರದ ಗೂಡಿಗೆ, ಉರಿ ನೋಡಿಕೊಳ್ಳುವ ಒಬ್ಬ ಆಳು ಬೇಕಾಗಿತ್ತು, ಬಿಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಹಸಿರು ಸೊಪ್ಪು ಗೂಡಿನೊಳಗೆ ಹಳದಿಗೆ ತಿರುಗುವ ಕಾಲ ಒಂದುಂಟು. ಆಗ ಅವಸರಪಟ್ಟು ಉರಿ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ತಡಮಾಡಿದರೆ ಕಂದಿ ಕಪ್ಪಾಗುತ್ತದೆ. ಆ ಹೊತ್ತಿನಲ್ಲಿ ಒಲೆಯ ಮುಂದಿನಿಂದ ಯಾರೂ ಎದ್ದು ಹೋಗುವುದಿಲ್ಲ. ನಾನು ನಮ್ಮಕ್ಕನ ಮಗನ ಮದುವೆಗೆ ಹಾರನಹಳ್ಳಿಗೆ ಹೋಗದೆ ಉಳಿದದ್ದೂ ಇದೇ ಕಾರಣಕ್ಕೆ. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಆದರೆ ನನ್ನ ಸೊಪ್ಪಿನ ಬಣ್ಣ ಸುತ್ತಲಿನ ಯಾರಿಗೂ ಬರುತ್ತಿರಲಿಲ್ಲ. ಇದು ಜಂಬವೆಂದರೆ ಜಂಬವೇ.

ಸೊಪ್ಪು ಮುರಿದು ತಂದ ಮೇಲೆ ಅದನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಬೇಕು. ಒಬ್ಬರು ಎಲೆ ಜೋಡಿಸಿ ಕೊಟ್ಟರೆ ಇನ್ನೊಬ್ಬರು ದಾರ ಸುತ್ತುತ್ತಾ ಹೋಗುತ್ತಾರೆ. ಹೆಂಗಸರ ಕೆಲಸ, ಬೆರಳಿನ ಕೆಲಸ. ಆ ದಿನಗಳಲ್ಲಿ ಎಲ್ಲರ ಗೂಡಿಗೂ ಒಟ್ಟಿಗೇ ಸೊಪ್ಪು ಬರುವುದರಿಂದ ಊರಲ್ಲಿ ಕಟ್ಟುವ ಹೆಂಗಸರಿಗೆ ರಾಣಿಯರ ಮರ್ಯಾದೆ. ಒಬ್ಬ ಕಾಫಿ ಕೊಟ್ಟರೆ ಇನ್ನೊಬ್ಬ ಕಾಫಿಯ ಜೊತೆ ಬೋಂಡ ಕೊಡುತ್ತಾನೆ. ಬೋಂಡ ಕೊಟ್ಟವನನ್ನು ಮೀರಿಸಲು ಮತ್ತೊಬ್ಬ ಮಸಾಲೆ ದೋಸೆ ತರಿಸಿದ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಯೋಚಿಸಿ, ನಾನು ಮನೆಯ ಟಿ.ವಿ.ಯನ್ನೇ ಎತ್ತಿಕೊಂಡು ಹೋಗಿ ಸೊಪ್ಪು ಕಟ್ಟುವ ಚಪ್ಪರದ ಕಂಬಕ್ಕೆ ಬಿಗಿದೆ. ನನ್ನ ಹೆಂಡತಿ ರತ್ನ ಎರಡು ದಿನ ಮಾತು ಬಿಟ್ಟಳು. ಹೆಂಗಸರು ಮಾತ್ರ ಅಕ್ಕಪಕ್ಕದ ಚಪ್ಪರಗಳನ್ನೆಲ್ಲ ಬಿಟ್ಟು ನಮ್ಮಲ್ಲಿಗೇ ಬಂದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಆ ಧಾರಾವಾಹಿ. ಹಿಂದಿಯದು, ಕನ್ನಡದ ಮಾತು ಕೂರಿಸಿದ್ದರು. ಅದರಲ್ಲಿ ಒಂದೊಂದು ಮಗುವೂ ಒಂದೊಂದು ಕಾರಿನಲ್ಲಿ ಇಸ್ಕೂಲಿಗೆ ಬರುತ್ತಿತ್ತಾದ್ದರಿಂದ ನಮ್ಮ ಹೆಂಗಸರು ಅದರ ನಿಜವಾದ ಹೆಸರನ್ನು ಬಿಟ್ಟು "ಕಾರ್ ಮಕ್ಳು" ಎಂದೇ ಕರೆದರು. "ಬೇಗ ಕಟ್ರಮ್ಮಿ, ಕಾರ್ ಮಕ್ಳು ಬರೋ ಹೊತ್ತಾಯ್ತು" ಎಂದು ಕೆಂಪಮ್ಮ ಕೂಗು ಹಾಕುತ್ತಿದ್ದಳು. ಕೆಂಪಮ್ಮ ನಮ್ಮ ಚಪ್ಪರದ ಹಿರಿಯಳು; ನನ್ನನ್ನು ಚಿಕ್ಕಂದಿನಿಂದ ಕಂಡವಳು; ನಾನು ಯಜಮಾನ ಎಂಬುದನ್ನು ಕೂಲಿ ಇಸಿದುಕೊಳ್ಳುವ ದಿನ ಮಾತ್ರ ನೆನಪಿಟ್ಟುಕೊಂಡವಳು.

ಅದರಲ್ಲಿ ವಿಹಾನ್ ಅಂತ ಒಬ್ಬ ಹುಡುಗ. ಮಹಾ ಪುಂಡ. ಬಡ ಹುಡುಗನೊಬ್ಬನ ಪುಸ್ತಕವನ್ನು ಈಜುಕೊಳಕ್ಕೆ ಎಸೆದವನು, ವಾಚ್‌ಮನ್‌ನ ಟೋಪಿಗೆ ಒದ್ದವನು. ಒಂದು ದಿನ ಅವನ ಕಾರು ಮರಕ್ಕೆ ಗುದ್ದಿತು. ಮಾರನೆಯ ದಿನ ಅವನು ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದು ಎಲ್ಲರ ಕಾಲಿಗೂ ಬಿದ್ದ.

"ಅಲ್ಲ ಕಣ್ಲಾ, ನೆನ್ನೆಗಂಟ ರಾಕ್ಸ ಆಗಿದ್ದೋನು ಇವತ್ತು ಸಾಧು ಆಗ್ಬುಟ್ನಾ?" ಎಂದು ಕೆಂಪಮ್ಮ ನನ್ನನ್ನು ಕೇಳಿದಳು, ಧಾರಾವಾಹಿ ಬರೆದವನು ನಾನೇ ಎನ್ನುವ ಹಾಗೆ.

"ಮರಕ್ಕೆ ತಲೆ ಗುದ್ದುದ್ರೆ ಬುದ್ಧಿ ಬತ್ತದೆ ಅಂದಿದ್ರೆ, ನಮ್ಮೂರಲ್ಲಿ ಮರಕ್ಕೇನ್ ಬರವಾ ಕೆಂಪಮ್ಮ?" ಎಂದೆ. ಹೆಂಗಸರು ಹೋ ಎಂದು ನಕ್ಕರು. ಹಾಗೆ ನಗಿಸುವುದು ನನಗೆ ಚಟವಾಗಿಬಿಟ್ಟಿತ್ತು. ಒಲೆಗೆ ಸೌದೆ ತಳ್ಳಿ ಬಂದು ಚಪ್ಪರದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತರೆ, ಪರದೆಯ ಮೇಲಿನ ಪ್ರತಿಯೊಂದು ಮಗುವಿಗೂ, ಅದರ ಅಪ್ಪನಿಗೂ, ಅವ್ವನಿಗೂ ನನ್ನ ತೀರ್ಪು. ಆ ಬಾಯಿ ಸುಮ್ಮನಿದ್ದ ದಿನವಿಲ್ಲ.

ವಿಹಾನನನ್ನು ನಾನು ನಂಬಲಿಲ್ಲ. ಗೂಡಿಗೆ ಹಾಕಿದ ಎಲೆಯೇ ಅಷ್ಟು ಬೇಗ ಬಣ್ಣ ತಿರುಗುವುದಿಲ್ಲ, ಇನ್ನು ಮನುಷ್ಯರು ತಿರುಗುತ್ತಾರೆಯೇ? ಆದರೆ ತಾರಾ ಅಂತ ಇನ್ನೊಬ್ಬ ಹುಡುಗಿ ಇದ್ದಳು. ದೊಡ್ಡ ಹೋಟೆಲುಗಳ ಯಜಮಾನನ ಒಬ್ಬಳೇ ಮಗಳು. ಅವಳನ್ನು ಬರೆದವರಿಗೆ ಮನೆಯಲ್ಲಿ ಒಬ್ಬ ಮಗಳಿದ್ದಿರಲೇಬೇಕು. ಅವರ ಮನೆಯ ನಡುವೆ ಬಿಳೀ ಕಲ್ಲಿನ ಅಗಲವಾದ ಮೆಟ್ಟಿಲು. ಮೊದಮೊದಲು ಅಪ್ಪನ ಕಾರಿನ ಸದ್ದು ಕೇಳಿದರೆ ಸಾಕು, ತಾರಾ ಆ ಮೆಟ್ಟಿಲನ್ನು ಜಿಗಿಜಿಗಿದು ಇಳಿದು ಬರುತ್ತಿದ್ದಳು. ಆಮೇಲಾಮೇಲೆ ನಡೆದು ಇಳಿದಳು. ಇನ್ನೂ ಸ್ವಲ್ಪ ದಿನ ಕಳೆದ ಮೇಲೆ ಅರ್ಧಕ್ಕೇ ನಿಂತು ಕಂಬಿ ಹಿಡಿದುಕೊಂಡು "ಹಾಯ್ ಡ್ಯಾಡಿ" ಎಂದಳು. ಆಮೇಲೆ ಮೇಲಿನಿಂದ ದನಿ ಮಾತ್ರ. ಕೊನೆಗೆ ದನಿಯೂ ಇಲ್ಲ. ಮುಚ್ಚಿದ ಬಾಗಿಲಿನ ಕೆಳಗೆ ಒಂದು ಗೆರೆ ಬೆಳಕು. "ತಾರಾ ಬದಲಾಗಿದ್ದಾಳೆ" ಎಂದು ಅದರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳ ಅಪ್ಪ ಫೋನಿನಲ್ಲೇ ಇರುತ್ತಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ನಮ್ಮ ಹೆಂಗಸರೂ ಗಮನಿಸಲಿಲ್ಲ, ಅವರಿಗೆ ತಾರಾಳ ಬಟ್ಟೆಯ ಮೇಲೇ ಕಣ್ಣು. ಗಮನಿಸಿದವನು ನಾನೊಬ್ಬ. ನಮ್ಮದು ಹೆಂಚಿನ ಮನೆ, ಮೆಟ್ಟಿಲೇ ಇಲ್ಲ. ಆದರೂ ನನ್ನ ಮಗಳು ಅದೇ ಮೆಟ್ಟಿಲನ್ನು ಹತ್ತಿ ಹೋಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು.

ಸಿಂಚನ ನಮ್ಮ ಒಬ್ಬಳೇ ಮಗಳು. ಆ ವರ್ಷ ಕೆ.ಆರ್. ನಗರದಲ್ಲಿ ಪಿ.ಯು.ಸಿ.ಗೆ ಸೇರಿದ್ದಳು. ಸೈನ್ಸು. ಗೊಬ್ಬರದಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತನಿಗೆ, ಕೇಳಿದವರಿಗೂ ಕೇಳದವರಿಗೂ "ಮಗಳು ಸೈನ್ಸ್ ತಗಂಡವ್ಳೆ" ಎಂದು ಹೇಳಿಕೊಂಡು ತಿರುಗಿದ್ದೆ. ಬೇರೆ ವರ್ಷಗಳಲ್ಲಿ ಅವಳು ಇಸ್ಕೂಲಿನಿಂದ ಬಂದವಳೇ ಚೀಲ ಎಸೆದು ಗೂಡಿನ ಹತ್ತಿರ ಓಡಿ ಬರುತ್ತಿದ್ದಳು. ಗೂಡಿನ ಗೋಡೆಗೆ ಒಳಗಿನ ಬಣ್ಣ ನೋಡಲು ಒಂದು ಗಾಜಿನ ಕಿಂಡಿ ಇರುತ್ತದೆ. ಅದಕ್ಕೆ ಮೂಗು ಒತ್ತಿ "ಅಪ್ಪ, ಕೆಳಗಿನ್ ಸಾಲು ಹಳದಿ ಆಯ್ತು" ಎಂದು ವರದಿ ಒಪ್ಪಿಸುತ್ತಿದ್ದಳು. ಆ ವರ್ಷ ಬಂದರೂ ಕಿಂಡಿಯ ತನಕ ಬರಲಿಲ್ಲ. ಚಪ್ಪರದಲ್ಲಿ ಕೆಂಪಮ್ಮನ ಎದುರು ಕೂತು ಎಲೆ ಜೋಡಿಸಿ ಕೊಡುವಳು, ಟಿ.ವಿ. ನೋಡುವಳು, ಎದ್ದು ಹೋಗುವಳು. ಆಮೇಲೆ ನನಗೆ ಕಾಫಿ ತರುವುದನ್ನೂ ಬಿಟ್ಟು ಅವ್ವನ ಕೈಯಲ್ಲಿ ಕಳಿಸತೊಡಗಿದಳು. ಬೆಳಿಗ್ಗೆ ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡುತ್ತೇನೆಂದರೆ, "ಬ್ಯಾಡ ಬುಡಪ್ಪ, ನಡ್ಕಂಡೋಯ್ತೀನಿ" ಎನ್ನುವಳು.

ರತ್ನನನ್ನು ಕೇಳಿದೆ. ಅವಳು ಮುದ್ದೆಗೆ ಹಿಟ್ಟು ತೊಳಸುತ್ತಾ, "ಏನ್ರೀ ನೀವು, ವಯಸ್ಸಿಗೆ ಬಂದ್ ಹುಡ್ಗಿ ನಿಮ್ ಬೆನ್ನಿಂದೆ ಕುಣ್ಕಂಡ್ ಬರ್ಬೇಕಾ? ಓದೋದು ಜಾಸ್ತಿ ಇರ್ತದೆ. ನಿಮಗೆ ಸೊಪ್ಪಿನ್ ಚಿಂತೆ ಸಾಲ್ದಾ?" ಎಂದಳು.

ಸಾಲದಾಯಿತು ಎಂದೇ ಹೇಳಬೇಕು. ನನಗೆ ಒಂದು ಹುಚ್ಚು ಹಿಡಿಯಿತು. ಸಂಜೆ ತಾರಾ ಏನು ಮಾಡುತ್ತಾಳೋ ನೋಡುವುದು, ಮಾರನೆಯ ದಿನ ಸಿಂಚನಳಲ್ಲಿ ಅದನ್ನು ಹುಡುಕುವುದು. ತಾರಾ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರೆ, ನಾನು ಸಿಂಚನಳ ತಟ್ಟೆಯ ಮುದ್ದೆ ನೋಡುವುದು. ತಾರಾ ಹಣೆಯ ಮೇಲಿನ ಕೂದಲು ಕತ್ತರಿಸಿಕೊಂಡ ವಾರದಲ್ಲೇ ಇವಳ ಹಣೆಯ ಮೇಲೂ ಒಂದು ಕುಚ್ಚು ಇಳಿಬಿದ್ದಿತ್ತು. ರತ್ನ "ಫ್ಯಾಸನ್ನು" ಎಂದು ನಕ್ಕಳು. ನನಗೆ ಕಂಡದ್ದೇ ಬೇರೆ. ಪರದೆಯ ಮೇಲಿನ ಹುಡುಗಿ ಮುಂದೆ, ನನ್ನ ಹುಡುಗಿ ಹಿಂದೆ; ಅವಳು ಎಲ್ಲಿಗೆ ಹೋದರೆ ಇವಳೂ ಅಲ್ಲಿಗೆ. ಹಾಗಾದರೆ ಅವಳು ಹೋಗುವುದಾದರೂ ಎಲ್ಲಿಗೆ?

ರತ್ನನ ತಮ್ಮ ಸ್ವಾಮಿ ಗೂಡ್ಸ್ ಗಾಡಿ ಓಡಿಸುತ್ತಾನೆ. ಊರೂರು ಸುತ್ತಿ ಹಿಂದಿ ಕಲಿತಿದ್ದಾನೆ. ಸೌದೆ ಇಳಿಸಲು ಬಂದಾಗ ಅವನನ್ನು ಗೂಡಿನ ಹಿಂದಕ್ಕೆ ಕರೆದೆ. ಯಾವುದೋ ಗುಟ್ಟಿನ ವ್ಯವಹಾರವೆಂದುಕೊಂಡು ಅವನೂ ದನಿ ತಗ್ಗಿಸಿದ.

"ಆ ಕಾರ್ ಮಕ್ಳು ಸೀರಿಯಲ್ಲು ಹಿಂದೀಲಿ ಮುಗ್ದೋಗದೆ ಅಂತಾರಲ್ಲ, ಹೌದೇನ್ಲಾ?"

"ಮುಗ್ದು ಯಾವ್ ಕಾಲಾಯ್ತು ಭಾವ. ಯಾಕೆ, ನಿಮಗೂ ಹಿಡ್ಕತಾ ಸೀರಿಯಲ್ಲು?" ಎಂದು ಹಲ್ಲು ಕಿಸಿದ.

"ನಗಾಡ್ಬ್ಯಾಡ ಕಣ್ಲಾ. ಆ ತಾರಾ ಅಂತ ಹುಡ್ಗಿ. ಅವ್ಳು ಕೊನೀಗೆ ಏನಾಯ್ತಾಳೆ?"

ಸ್ವಾಮಿ ತಲೆ ಕೆರೆದುಕೊಂಡ. "ತಾರಾ... ತಡೀರಿ. ಹಾಂ, ಅವ್ಳು ಒಂದಿನ ಮೆಟ್ಲು ಇಳ್ದು ಬಂದು ಅವ್ರಪ್ಪನ್ ತಾವ ನಗ್ನಗ್ತಾ ಮಾತಾಡ್ತಾಳೆ. ಅಪ್ಪಂಗೆ ಕುಸಿಯೋ ಕುಸಿ. ಆವತ್ತೇ ಇಸ್ಕೂಲ್ಗೆ ಅಂತ ಹೋದೋಳು ಸೇತುವೆ ತಾವ ಕಾರ್ ನಿಲ್ಸಿ ನೀರ್ಗೆ ಬೀಳ್ತಾಳೆ."

"ಆಮೇಲೆ?"

"ಆಮೇಲೆ ನಾ ನೋಡ್ನಿಲ್ಲ ಭಾವ. ಡಿಶ್ ರೀಚಾರ್ಜು ಮುಗ್ದೋಯ್ತು."

ಅವನು ಸೌದೆ ಇಳಿಸಿ ಹೋದ. ನಾನು ಒಲೆಯ ಮುಂದೆ ಕೂತವನು ಉರಿಯನ್ನು ನೋಡುತ್ತಿದ್ದೆನೇ ಹೊರತು ಅದು ಕಾಣುತ್ತಿರಲಿಲ್ಲ. ನೀವು ನಗಬಹುದು. ಹಿಂದಿಯವರು ಯಾವುದೋ ಊರಿನಲ್ಲಿ ಕೂತು ಬರೆದದ್ದು, ಬಣ್ಣ ಹಚ್ಚಿಕೊಂಡು ಆಡಿದ್ದು. ನನಗೂ ಅದು ಗೊತ್ತಿತ್ತು. ಆದರೆ ಭಯಕ್ಕೆ ಗೊತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ. ಗೂಡಿಗೆ ಹೊಸದಾಗಿ ಸೊಪ್ಪು ಏರಿಸಿ, ಹಳದಿ ತಿರುಗುವ ಕಾಲ. ನಾನು ಕಿಂಡಿಯ ಹತ್ತಿರ ನಿಂತಿದ್ದೆ. ಹಿಂದೆ ಹೆಜ್ಜೆಯ ಸದ್ದಾಯಿತು. ಸಿಂಚನ, ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಗಾಜಿಗೆ ಮೂಗು ಒತ್ತಿದಳು. ಎಷ್ಟೋ ದಿನದ ಮೇಲೆ ಬಂದಿದ್ದಳು.

"ಈ ಸಲ ಬಣ್ಣ ಚೆಂದಾಗ್ ಬತ್ತದೆ ಕಣಪ್ಪ" ಎಂದು ನನ್ನ ಕಡೆ ತಿರುಗಿ ನಕ್ಕಳು. ಏನೋ ಹೇಳುವ ಹಾಗೆ ಒಂದು ಗಳಿಗೆ ನಿಂತಳು. ನಾನು ಕಕ್ಕಾಬಿಕ್ಕಿಯಾಗಿ, "ಬಸ್ ಹೊತ್ತಾಯ್ತು, ಹೋಗವ್ವ" ಎಂದುಬಿಟ್ಟೆ. "ಹೂಂ, ಬತ್ತೀನಿ" ಎಂದು ಹೊರಟಳು.

ಬೇರೆ ಯಾವ ಅಪ್ಪನಾದರೂ ಆ ನಗುವಿಗೆ ಹಿಗ್ಗಿಹೋಗುತ್ತಿದ್ದ. ನನಗೆ ಸ್ವಾಮಿ ಹೇಳಿದ್ದು ನೆನಪಾಯಿತು. ಮೆಟ್ಟಿಲು ಇಳಿದು ಬಂದಳಲ್ಲ!

ಒಂದೆರಡು ಗಂಟೆ ತಡೆದುಕೊಂಡೆ. ಸೌದೆ ತಳ್ಳಿದೆ, ತೆಗೆದೆ, ಮತ್ತೆ ತಳ್ಳಿದೆ. ಆಮೇಲೆ ಆಗಲಿಲ್ಲ. ರತ್ನನನ್ನು ಕೂಗಿ "ಉರಿ ನೋಡ್ಕೊ" ಎಂದೆ. ಅವಳು ಬಾಯಿ ತೆರೆದುಕೊಂಡು ನಿಂತಳು. "ಹಳದಿ ತಿರುಗ್ತಾ ಅದೆ ಕಣ್ರೀ, ಎಲ್ಲಿಗ್ ಹೋಯ್ತೀರಿ? ಯಾರಾದ್ರೂ ಹೋದ್ರಾ?" ಸತ್ತವರ ಮನೆಗೆ ಬಿಟ್ಟರೆ ಇನ್ನೆಲ್ಲಿಗೂ ನಾನು ಆ ಹೊತ್ತಿನಲ್ಲಿ ಎದ್ದು ಹೋದವನಲ್ಲ. ಅವಳು ಕೇಳಿದ್ದು ಸರಿಯೇ. ಆದರೆ ಆ ಮಾತು ನನ್ನ ಬೆನ್ನ ಮೇಲೆ ಕೂತು ಕೆ.ಆರ್. ನಗರದ ತನಕ ಬಂತು.

ಕಾಲೇಜಿನ ವರಾಂಡದಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಒಂದು ಕಾಲಿನದು ಬಿಟ್ಟು ಒಂದು ಕಾಲಿನದು ಹಾಕಿಕೊಂಡು ನಿಂತಿದ್ದೆ. ಉಪನ್ಯಾಸಕರೊಬ್ಬರು ಹೆಸರು ಕೇಳಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಿಂಚನ ಬರ್ತಾನೇ ಇಲ್ವಲ್ಲ ಯಜಮಾನ್ರೇ. ಶ್ರಾವಣ ಶುರುವಾದಾಗಿಂದ ಕ್ಲಾಸಿಗೆ ಕಾಲಿಟ್ಟಿಲ್ಲ. ಮನೇಲಿ ಏನಾದ್ರೂ ಕಷ್ಟ ಅಂದ್ಕೊಂಡಿದ್ವಿ."

ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗುವವಳು, ಸಂಜೆ ಸರಿಯಾಗಿ ಬಸ್ಸಿಳಿಯುವವಳು. ಹಾಗಾದರೆ ಈ ನಡುವೆ ಎಲ್ಲಿ? ಅವರಿಗೆ ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ಬಸ್ ನಿಲ್ದಾಣದಲ್ಲಿ ಕಂಡಕಂಡವರನ್ನೆಲ್ಲ ಕೇಳಿದೆ. ಹಣೆ ಮೇಲೆ ಕೂದಲು, ನೀಲಿ ಚೀಲ, ನನ್ನ ಭುಜದಷ್ಟು ಎತ್ತರ. ಹೂ ಕಟ್ಟುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತದೆ ಹೇಳಿದಳು: "ಆ ಹುಡ್ಗೀನಾ? ದಿನಾ ಹೊಳೆ ಕಡೀಕ್ ಹೋಯ್ತದಲ್ಲಣ್ಣ. ಗುಡಿ ಹಿಂದ್ಗಡೆ."

ಹೊಳೆ ಎಂದರೆ ಕಾವೇರಿ. ಶ್ರಾವಣದ ಕಾವೇರಿ ಹೇಗಿರುತ್ತದೆಂದು ನಿಮಗೆ ಗೊತ್ತಿರಬಹುದು. ಕೆಂಪಗೆ, ದಡದ ಮರಗಳ ಸೊಂಟದ ತನಕ ಬಂದು, ಸದ್ದಿಲ್ಲದೆ, ಅವಸರದಲ್ಲಿ ಹೋಗುತ್ತಿರುತ್ತದೆ. ಗುಡಿಯ ಹಿಂದಿನ ಕಲ್ಲು ಮೆಟ್ಟಿಲುಗಳಲ್ಲಿ ಅರ್ಧ ನೀರೊಳಗಿದ್ದವು. ನೀರಿಗೆ ಹತ್ತಿರದ ಒಂದು ಮೆಟ್ಟಿಲ ಮೇಲೆ ನೀಲಿ ಚೀಲವಿತ್ತು. ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ. ಆಯುಧಪೂಜೆಗೆ ನಾನೇ ಕೊಡಿಸಿದ್ದು. ಯಾರೂ ಇರಲಿಲ್ಲ.

  ಆ ಗಳಿಗೆಯನ್ನು ನಾನು ಇದುವರೆಗೆ ಯಾರಿಗೂ, ರತ್ನನಿಗೂ ಬಿಡಿಸಿ ಹೇಳಿಲ್ಲ, ಹೇಳಲು ಬರುವುದಿಲ್ಲ. ನೀರು ಹೋಗುತ್ತಿತ್ತು, ನಾನು ನೋಡುತ್ತಿದ್ದೆ, ಅಷ್ಟೆ. ಎಡಗಾಲು ಮೊಣಕಾಲಿನ ತನಕ ನೀರಿನಲ್ಲಿರುವುದು ಆಮೇಲೆ ತಿಳಿಯಿತು.

"ಅಪ್ಪಾ!"

ಮೇಲೆ, ಬಲಗಡೆಯ ಕಲ್ಲು ಮಂಟಪದಿಂದ. ಸಿಂಚನ ಬರಿಗಾಲಿನಲ್ಲಿ, ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಪಕ್ಕದಲ್ಲಿ ಒಂದು ನಾಯಿ, ಅದಕ್ಕೆ ಚಪಾತಿ ಹಾಕುತ್ತಿದ್ದಳೆಂದು ಕಾಣುತ್ತದೆ.  ಅವಳು ಮೊದಲು ಕೇಳಿದ್ದು ಇಷ್ಟು:

"ಅಪ್ಪ, ಬ್ಯಾರನ್ ಯಾರ್ ನೋಡ್ಕತಾವ್ರೆ?"

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ಇಳಿದು ಬಂದಳು, ಆದರೆ ಪಕ್ಕಕ್ಕೆ ಬರಲಿಲ್ಲ. ಕೈಗೆ ಸಿಗದಷ್ಟು ದೂರದಲ್ಲಿ, ಮೇಲಿನ ಮೆಟ್ಟಿಲಲ್ಲಿ ನಿಂತಳು. ನಾನು ಹೊಡೆಯುತ್ತೇನೆಂದುಕೊಂಡಿದ್ದಳು. ಜೀವಮಾನದಲ್ಲಿ ಅವಳ ಮೇಲೆ ಕೈ ಎತ್ತಿದವನಲ್ಲ ನಾನು.

"ಯಾಕವ್ವ?" ಎಂದೆ. 

ಅವಳು ಡಬ್ಬಿಯ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಹೇಳಿದಳು. ಫಿಸಿಕ್ಸು, ಗಣಿತ ಮೊದಲ ದಿನದಿಂದಲೂ ತಲೆಗೆ ಹತ್ತಲಿಲ್ಲವಂತೆ. ಟೆಸ್ಟಿನಲ್ಲಿ ಪೇಪರು ಖಾಲಿ ಕೊಟ್ಟಳಂತೆ. ಆರ್ಟ್ಸಿಗೆ ಹೋಗುತ್ತೇನೆಂದು ಕೇಳಿದರೆ ಅಪ್ಪನನ್ನು ಕರೆದುಕೊಂಡು ಬಾ ಎಂದರಂತೆ. ಅಪ್ಪನಿಗೆ ಹೇಳಲಾರದೆ, ಕ್ಲಾಸಿನಲ್ಲೂ ಕೂರಲಾರದೆ ಇಲ್ಲಿ ಬಂದು ಕೂರುತ್ತಿದ್ದಳು. ಇಷ್ಟೇ ಸಂಗತಿ.

"ಇಷ್ಟೇನಾ? ನಂಗ್ ಹೇಳ್ಬಾರ್ದಾಗಿತ್ತಾ?"

"ಹೇಳಣ ಅಂತ ದಿನಾ ನೋಡ್ತಿದ್ದೆ."

"ಏನ್ ನೋಡ್ತಿದ್ದೆ?"

"ನಿನ್ ಮುಖವ. ಚಪ್ಪರದಲ್ಲಿ. ಸೀರಿಯಲ್ ಬರ್ವಾಗ."

ನನಗೆ ಅರ್ಥವಾಗಲಿಲ್ಲ. ಅವಳು ಹೊಳೆಯ ಕಡೆ ನೋಡುತ್ತಾ ಹೇಳಿದಳು: "ಆ ವಿಹಾನ್ ಫೇಲಾಗಿ ಅವ್ರಪ್ಪಂಗೆ ಹೇಳುದ್ನಲ್ಲ, ಆವತ್ತು ಅವ್ರಪ್ಪ ತಬ್ಕಂಡ. ನಾನು ನಿನ್ ಕಡೀಕ್ ನೋಡ್ದೆ. ನೀನು ಏನಂದೆ ಗೊತ್ತಾ? ಇಂಥಾ ಮಗ ನಂಗಿದ್ದಿದ್ರೆ ಸೊಪ್ಪಿನ್ ಜೊತೆ ಕಡ್ಡಿಗ್ ಕಟ್ಟಿ ನೇತಾಕ್ತಿದ್ದೆ ಅಂದೆ. ಎಲ್ರೂ ನಗಾಡುದ್ರು. ನಾನೂ ನಗಾಡ್ದೆ." ಡಬ್ಬಿಯ ಮುಚ್ಚಳ ಒತ್ತಿ, "ಆಮೇಲೆ ಬ್ಯಾರೆ ದಿನ ನೋಡ್ದೆ. ಬದ್ಲಾಯ್ತಿಯೇನೋ ಅಂತ. ಸೀರಿಯಲ್ನಲ್ಲಿ ಎಲ್ರೂ ಬದ್ಲಾಯ್ತಾರಲ್ಲ" ಎಂದಳು.

ಆ ಚಪ್ಪರದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಾರಾಳನ್ನು ನೋಡಿ ಇವಳ ಹಣೆಬರಹ ಓದುತ್ತಿದ್ದೆ ಎಂದುಕೊಂಡಿದ್ದೆನಲ್ಲ, ಅದೇ ಹೊತ್ತಿನಲ್ಲಿ ಎದುರುಗಡೆ ಎಲೆ ಜೋಡಿಸುತ್ತಾ ಈ ಮಗು ನನ್ನನ್ನು ಓದುತ್ತಿತ್ತು. ನಾನು ಹೆದರಿದ್ದು ಟಿ.ವಿ.ಯ ಹುಡುಗಿಗೆ. ಅವಳು ಹೆದರಿದ್ದು ನನಗೆ.

"ಆ ಕಡ್ಡಿ ಮುರಿದೋಯ್ತದೆ ಕಣವ್ವ" ಎಂದೆ ಕೊನೆಗೆ. "ಸೊಪ್ಪಿನ್ ಭಾರಕ್ಕೇ ಬಗ್ತದೆ. ಇನ್ನು ಒಬ್ಬ ಆಳ್ನ ಕಟ್ಟುದ್ರೆ ನಿಲ್ತದಾ?"

ಅವಳಿಗೆ ನಗು ಬಂತು, ಅಳುವೂ ಬಂತು. ಆಮೇಲೆ ಬಂದು ಪಕ್ಕದಲ್ಲಿ ಕೂತಳು. ಒದ್ದೆಯಾದ ನನ್ನ ಪ್ಯಾಂಟಿನ ಕಾಲನ್ನು ನೋಡಿದಳು, ಹೊಳೆಯನ್ನು ನೋಡಿದಳು. ನಾನು ಏನೆಂದುಕೊಂಡಿದ್ದೆ ಎಂಬುದು ಆಗ ಅವಳಿಗೆ ಹೊಳೆಯಿತೆಂದು ಕಾಣುತ್ತದೆ. "ಅಯ್ಯೋ ಅಪ್ಪ" ಎಂದಳು, ಮೆಲ್ಲಗೆ. ನನ್ನ ಕೈ ಹಿಡಿದುಕೊಂಡಳು. 

ಅವತ್ತೇ ಕಾಲೇಜಿಗೆ ಹೋಗಿ ಅವಳನ್ನು ಆರ್ಟ್ಸಿಗೆ ಹಾಕಿಕೊಡಿ ಎಂದು ಕೇಳಿಕೊಂಡೆ. ಸಂಜೆಯ ಹೊತ್ತಿಗೆ ಊರು ಸೇರಿದಾಗ ಗೂಡಿನ ಸೊಪ್ಪು ಕಂದಿತ್ತು. ರತ್ನ ಉರಿ ಏರಿಸಲು ಹೆದರಿ, ಇಳಿಸಲು ಹೆದರಿ, ಒಂದೇ ಸಮ ಇಟ್ಟಿದ್ದಳು, ಪಾಪ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಿಂಡಿಯಲ್ಲಿ ಇಣುಕಿ ಕಣ್ಣಲ್ಲಿ ನೀರು ಹಾಕಿಕೊಂಡೆ; ಯಾವುದಕ್ಕೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ, ಸೊಪ್ಪಿಗೆ ಎಂದು ಎಲ್ಲರಿಗೂ ಹೇಳಿದೆ.

ಮಾರನೆಯ ಸಂಜೆ ಮತ್ತೆ ಕಾರ್ ಮಕ್ಕಳು ಬಂದರು. ನಾನು ಚಪ್ಪರದಲ್ಲಿ ಕೂತೆ, ಸಿಂಚನ ಎದುರಿಗೆ ಕೂತಳು. ಪರದೆಯ ಮೇಲೆ ಯಾವ ಮಗು ಏನು ಮಾಡಿತೋ ನನಗೆ ನೆನಪಿಲ್ಲ. ನನ್ನ ಮುಖವನ್ನು ಎಲ್ಲಿಡಬೇಕೆಂದೇ ತಿಳಿಯದೆ ಒದ್ದಾಡಿದೆ. ನಕ್ಕರೆ ಒಂದು ಅರ್ಥ, ಹುಬ್ಬು ಗಂಟಿಕ್ಕಿದರೆ ಒಂದು ಅರ್ಥ, ಸುಮ್ಮನೆ ಕೂತರೆ ಇನ್ನೊಂದು. ಒಬ್ಬರು ನಮ್ಮನ್ನು ಅಷ್ಟು ಗಮನವಿಟ್ಟು ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ಆರಾಮವಾಗಿ ಕೂರುವುದು ಹೇಗೆ ಹೇಳಿ.

"ಏನ್ಲಾ, ಬಾಯ್ಗೆ ಬೀಗ ಹಾಕ್ಕಂಡಿದ್ದೀಯೆ?" ಎಂದು ಕೆಂಪಮ್ಮ ಕೆಣಕಿದಳು. "ಸೊಪ್ಪು ಕೆಟ್ಟೋದ್ರೆ ನಾಲ್ಗೇನೂ ಬಿದ್ದೋಯ್ತದಾ?"

"ಮಾತಾಡೋರು ಟಿ.ವಿ.ಲಿ ಅವ್ರಲ್ಲ, ಅವ್ರೇ ಆಡ್ಲಿ ಬುಡು" ಎಂದೆ. ಸಿಂಚನ ತಲೆ ತಗ್ಗಿಸಿ ಎಲೆ ಜೋಡಿಸುತ್ತಿದ್ದಳು. ಅವಳ ತುಟಿಯ ಮೂಲೆಯಲ್ಲಿ ನಗು ಇತ್ತೋ ಇಲ್ಲವೋ, ನಾನು ನೋಡಲು ಧೈರ್ಯ ಮಾಡಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ತಾರಾ ಕೊನೆಗೆ ಏನಾದಳೋ ನಾನು ನೋಡಲಿಲ್ಲ. ಆ ಕಂತು ಬರುವ ವಾರ ವೈರು ಇಲಿ ಕಡಿದಿದೆ ಎಂದು ಹೇಳಿ ಟಿ.ವಿ. ಬಂದ್ ಮಾಡಿದೆ. ಇಲಿಯೇನೂ ಕಡಿದಿರಲಿಲ್ಲ. ಸಿಂಚನ ಈಗ ಹುಣಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಮುಗಿಸುತ್ತಿದ್ದಾಳೆ. ಕ್ಷೌರ ಮುಗಿಸಿ ನಾನು ಊರಿಗೆ ಬಂದಾಗ ಅವಳು ರಜೆಗೆ ಬಂದಿದ್ದಳು.

ಗೂಡಿಗೆ ಕಡ್ಡಿ ಏರಿಸುವ ಕೆಲಸ ನಡೆದಿತ್ತು. ಒಳಗೆ ಅಟ್ಟಣೆಯ ಮರಗಳ ಮೇಲೆ ಕಾಲಗಲಿಸಿ ನಿಂತು ಮೇಲುಮೇಲಕ್ಕೆ ತೂಗುಹಾಕುತ್ತಾ ಹೋಗಬೇಕು. ಆ ಕೆಲಸಕ್ಕೆ ಈ ಮೂವತ್ತು ಚಿಲ್ಲರೆ ವರ್ಷದಲ್ಲಿ ನಾನು ಬೇರೆಯವರನ್ನು ಹತ್ತಿಸಿದವನಲ್ಲ. ಈ ಸಲ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಒಳಗೆ ಇಬ್ಬರು ಆಳುಗಳು.

ಸಿಂಚನ ಬಂದು ಪಕ್ಕದಲ್ಲಿ ಕೂತಳು. "ಯಾಕಪ್ಪ ನೀ ಹತ್ನಿಲ್ಲ?"

"ವಯಸ್ಸಾಯ್ತಲ್ವಾ ಕಣವ್ವ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು.

ಮಳೆಗಾಲ ಶುರುವಾದಾಗಿನಿಂದ ಸೌದೆ ಎತ್ತಿದರೆ ಎದೆ ಹಿಡಿದುಕೊಳ್ಳುತ್ತಿದೆ. ಎಡಗೈ ಜೋಮು ಹಿಡಿಯುತ್ತದೆ. ರತ್ನನಿಗೆ ಗ್ಯಾಸ್ ಎಂದಿದ್ದೆ. ನನಗೆ ನಾನೇ ಹಾಗೆಂದು ಹೇಳಿಕೊಂಡಿದ್ದೆ. ಮಗಳಿಗೆ ಹೇಳಿದರೆ ಪರೀಕ್ಷೆ ಬಿಟ್ಟು ಓಡಿ ಬರುತ್ತಾಳೆ, ಅವಳ ಮುಖ ಸಣ್ಣದಾಗುತ್ತದೆ, ಅದನ್ನು ನೋಡುವ ಶಕ್ತಿ ನನಗಿಲ್ಲ ಎಂದು ದಿನ ತಳ್ಳುತ್ತಿದ್ದೆ. ಒಬ್ಬರ ಮುಖಕ್ಕೆ ಹೆದರಿ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದು ಎಂಥದೆಂದು ಈ ಮಳೆಗಾಲದಲ್ಲಿ ನನಗೆ ತಿಳಿಯಿತು.

"ಎದೆ ಹಿಡ್ಕತದೆ ಕಣವ್ವ" ಎಂದೆ. "ಭಾರ ಎತ್ತುದ್ರೆ. ಒಂದೊಂದ್ ಸಲ ನಡುದ್ರೂವೆ."

ಅವಳ ಮುಖ ಅಲ್ಲಾಡಲಿಲ್ಲ. ಕಣ್ಣು ದೊಡ್ಡದಾಗಲಿಲ್ಲ, ತುಟಿ ನಡುಗಲಿಲ್ಲ. ಬೆರಳುಗಳು ಮಾತ್ರ ಕಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಅಷ್ಟು ಅಚ್ಚುಕಟ್ಟಾಗಿ ಮುಖವನ್ನು ಹಿಡಿದಿಟ್ಟುಕೊಳ್ಳುವುದನ್ನು ಈ ಹುಡುಗಿ ಯಾವಾಗ ಕಲಿತಳೋ.

"ಯಾವಾಗಿಂದಪ್ಪ?" ಎಂದಳು.

ಹೇಳಿದೆ.

"ನಾಳೆ ಬೆಳಿಗ್ಗೆ ಮೈಸೂರ್ಗೆ ಹೋಗಣ. ಉರಿ ಅವ್ವ ನೋಡ್ಕತಾಳೆ." ಆಮೇಲೆ ದನಿಯನ್ನು ಇನ್ನೂ ತಗ್ಗಿಸಿ, "ಇನ್ನೇನಾದ್ರೂ ಇದ್ದದಾ? ಇದ್ರೆ ಎಲ್ಲಾನೂ ಈಗ್ಲೇ ಹೇಳ್ಬುಡು" ಎಂದಳು.

ಗೂಡಿನೊಳಗಿನಿಂದ ಆಳುಗಳು ಇನ್ನೊಂದು ಕಡ್ಡಿ ಕೊಡಿ ಎಂದು ಕೂಗುತ್ತಿದ್ದರು. ನಾನು ಏಳಲಿಲ್ಲ.

"ಈ ಎಡಗೈದೂ ಒಂದದೆ" ಎಂದು ಶುರುಮಾಡಿದೆ.